ಮರಳಿ ಬಂದ ಸಿಪಾಯಿ: ತೆಂಗಿನ ಸೀಮೆಯಿಂದ ಒಂದು ಸಮೀಕ್ಷೆ

ಕರ್ನಾಟಕದಲ್ಲಿ ಸಾಮಾನ್ಯ ಸೈನಿಕನ ಬದುಕಿನ ಅಧ್ಯಯನವು ಅವನ ಸಾವಿನಿಂದ ಆರಂಭವಾಯಿತು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟದಲ್ಲಿ (1904) ಚಿಕ್ಕನಾಯಕನಹಳ್ಳಿ, ತಿಪಟೂರು ತಾಲ್ಲೂಕುಗಳನ್ನೊಳಗೊಂಡ ತುಮಕೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ, ಅರಸರ ವಂಶಾವಳಿಯ ನಡುವೆ ವೀರಗಲ್ಲುಗಳೂ, ಅಂದರೆ ತುರುಗಳನ್ನು ಬಿಡಿಸಲು ಅಥವಾ ಊರನ್ನು ಕಾಯಲು ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳೂ ಬೆಳಕಿಗೆ ಬಂದವು. ಅಂದಿನ ವಿದ್ವಾಂಸರು ಅವುಗಳಲ್ಲಿ ಮುಖ್ಯವಾಗಿ ಕಾಲನಿರ್ಣಯದ ಸಾಮಗ್ರಿಯನ್ನು ಹುಡುಕಿದರು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ಶಾಸನಗಳನ್ನು ಜನಜೀವನದ ದಾಖಲೆಗಳಾಗಿ ಓದುವ ಹಾದಿಯನ್ನು ತೆರೆಯಿತು, ಆರ್. ಶೇಷಶಾಸ್ತ್ರಿಯವರು ಕರ್ನಾಟಕದ ವೀರಗಲ್ಲುಗಳನ್ನೇ ಪ್ರತ್ಯೇಕ ವಿಷಯವಾಗಿ ಅಭ್ಯಸಿಸಿದರು, ಎಸ್. ಷೆಟ್ಟರ್ ಮತ್ತು ಗುಂಟರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ (1982) ಈ ಚರ್ಚೆಯನ್ನು ಭಾರತದ ಇತರ ಪ್ರದೇಶಗಳಿಗೂ ವಿಸ್ತರಿಸಿತು.

ಈ ಅಧ್ಯಯನಗಳಿಂದ ಸ್ಪಷ್ಟವಾದ ಸಂಗತಿಗಳಲ್ಲಿ ಅತ್ಯಂತ ಮಹತ್ವದ್ದೆಂದರೆ ಸಾವಿನ ಬೆನ್ನಿಗೇ ಭೂಮಿಯ ಮಾತು ಬರುತ್ತಿದ್ದುದು. ಮಡಿದವನ ಮನೆಯವರಿಗೆ ಕೊಟ್ಟ ಹೊಲವನ್ನು ನೆತ್ತರುಕೊಡಗೆ ಎನ್ನುತ್ತಿದ್ದರು. ಕಲ್ಲಿನ ಕೆಳಹಂತದಲ್ಲಿ ಕಾಳಗವನ್ನೂ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದನ್ನೂ, ಮೇಲೆ ದೇವಸನ್ನಿಧಿಯನ್ನೂ ಕಡೆದ ಶಿಲ್ಪಿಗೆ ಅವನ ಹೆಂಡತಿಮಕ್ಕಳ ಮುಂದಿನ ದಿನಗಳನ್ನು ತೋರಿಸುವ ಹಂತ ಇರಲಿಲ್ಲ. ಆ ದಿನಗಳ ಸುಳಿವು ಸಿಗುವುದಿದ್ದರೆ ದತ್ತಿಯ ಸಾಲುಗಳಲ್ಲಿಯೇ ಸಿಗುತ್ತದೆ. ಕಾದಿ ಬದುಕುಳಿದು ಮನೆಗೆ ಮರಳಿದವನಿಗಂತೂ ಸಾಮಾನ್ಯವಾಗಿ ಕಲ್ಲೇ ಇಲ್ಲ. ಸಂಶೋಧನೆಯ ಬಹುದೊಡ್ಡ ಕೊರತೆಯು ಇಲ್ಲಿಂದಲೇ ಹುಟ್ಟಿತೆಂದು ಹೇಳಬೇಕು.

ಮರಳಿದವನ ಚಿತ್ರವು ಸ್ವಲ್ಪಮಟ್ಟಿಗೆ ಮೂಡುವುದು ಮೈಸೂರು ಸಂಸ್ಥಾನದ ಆಡಳಿತ ಬರಹಗಳಲ್ಲಿ. ಹಾಗಲವಾಡಿ ಪಾಳೆಯಗಾರರ ವಂಶದ ಚಿಕ್ಕನಾಯಕನ ಹೆಸರನ್ನು ಹೊತ್ತಿರುವ ಚಿಕ್ಕನಾಯಕನಹಳ್ಳಿಯು ಮುಂದೆ ಮೈಸೂರಿನ ಅಧೀನಕ್ಕೆ ಬಂದಿತು. 1791ರಲ್ಲಿ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣದತ್ತ ಸಾಗುತ್ತಿದ್ದ ಪರಶುರಾಮ ಭಾವುವಿನ ಮರಾಠಾ ಸೇನೆ ಈ ಊರನ್ನು ಲೂಟಿ ಮಾಡಿತು. ಸೈನಿಕನ ಚರಿತ್ರೆಯಲ್ಲಿ ಸೇನೆಯ ದಾರಿಗೆ ಸಿಕ್ಕ ರೈತನೂ ಸೇರುತ್ತಾನೆಂಬುದನ್ನು ಈ ಪ್ರಸಂಗ ನೆನಪಿಸುತ್ತದೆ. ಆ ಕಾಲದ ಕಂದಾಚಾರ ವ್ಯವಸ್ಥೆಯಲ್ಲಿ, ಎಂದರೆ ಸಂಬಳದ ಒಂದು ಭಾಗವನ್ನು ಭೂಮಿಯ ರೂಪದಲ್ಲಿ ಪಡೆದು ಊರಲ್ಲಿಯೇ ನೆಲೆಸಿ ಕರೆ ಬಂದಾಗ ಆಯುಧ ಹಿಡಿಯುವ ಸ್ಥಳೀಯ ಪಡೆಯಲ್ಲಿ, ಉಳುವವನೂ ಕಾದುವವನೂ ಒಬ್ಬನೇ ಆಗಿದ್ದನು. 1799ರ ಬಳಿಕ ಸಂಸ್ಥಾನದ ಸೇನೆ ಕುಗ್ಗಿದಂತೆ ಕಂದಾಚಾರದವರು ಕಾವಲು ಮತ್ತು ಪೊಲೀಸು ಕೆಲಸಗಳಿಗೆ ಸರಿದರು.

ಮೊದಲನೆಯ ಮಹಾಯುದ್ಧದ ಬರವಣಿಗೆಯಲ್ಲಿ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆಲ್ಲುವಲ್ಲಿ ಜೋಧಪುರದವರೊಡನೆ ಪಾಲ್ಗೊಂಡ ಮೈಸೂರು ಲ್ಯಾನ್ಸರ್ಸ್ ಅಶ್ವದಳಕ್ಕೆ ಸಿಂಹಪಾಲು ಸಂದಿದೆ. ಆ ಸಾಹಸ ನಿಜವಾದದ್ದು. ಆದರೆ ಕುದುರೆಯಿಂದ ಇಳಿದ ಮೇಲೆ ಆ ಸವಾರರು ಹೇಗೆ ಬದುಕಿದರೆಂಬ ಪ್ರಶ್ನೆಯನ್ನು ದಳದ ಚರಿತ್ರೆಗಳು ಎತ್ತುವುದು ಅಪರೂಪ. ಡೇವಿಡ್ ಒಮಿಸ್ಸಿ 1999ರಲ್ಲಿ ಪ್ರಕಟಿಸಿದ ಭಾರತೀಯ ಸಿಪಾಯಿಗಳ ಪತ್ರಗಳು ಈ ಕ್ಷೇತ್ರಕ್ಕೆ ಹೊಸ ಕಿವಿಯನ್ನೇ ಕೊಟ್ಟವು. ಆದರೂ ಅಲ್ಲಿನ ದನಿ ಬಹುಪಾಲು ಉತ್ತರ ಭಾರತದ್ದು. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರವು 1942ರ ಫೆಬ್ರುವರಿ 15ರಂದು ಶರಣಾದಾಗ ಸೆರೆಯಾದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಪದಾತಿದಳವೂ ಇದ್ದಿತು, ಹೈಫಾದ ವಿಜಯಕ್ಕೆ ಸಿಕ್ಕ ಪ್ರಚಾರದ ಅಲ್ಪಾಂಶವೂ ಈ ಸೆರೆವಾಸಕ್ಕೆ ಸಿಕ್ಕಿಲ್ಲ.

ಸ್ವಾತಂತ್ರ್ಯಾನಂತರದ ಸಿಪಾಯಿಯನ್ನು ಅರಿಯಲು ಸಂಶೋಧಕನು ಹೋಗಬೇಕಾದುದು ತಾಲ್ಲೂಕು ಕಚೇರಿಗೆ. 1969ರ ಕರ್ನಾಟಕ ಭೂಮಂಜೂರಾತಿ ನಿಯಮಗಳು ಹಂಚಿಕೆಯ ಸರ್ಕಾರಿ ಜಮೀನಿನಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಮೀಸಲಿಟ್ಟವು. ಹಾಗಾಗಿ ಮಂಜೂರಾತಿ ಕಡತಗಳೂ ಪಹಣಿಗಳೂ, ಎಂದರೆ ಹಿಡುವಳಿದಾರ ಮತ್ತು ಬೆಳೆಯ ವಿವರವುಳ್ಳ ಕಂದಾಯ ಪತ್ರಗಳೂ, ಅವನ ಎರಡನೆಯ ಬದುಕಿನ ಮೂಲಾಧಾರಗಳಾಗಿವೆ. ಸಾಮಾನ್ಯ ಜವಾನನಿಗೆ ಪಿಂಚಣಿ ದೊರೆಯಲು 15 ವರ್ಷಗಳ ಸೇವೆ ಬೇಕು; ಹದಿನೆಂಟು ಇಪ್ಪತ್ತರಲ್ಲಿ ಸೇರಿದವನು ನಲವತ್ತರೊಳಗೇ ಊರಿಗೆ ಮರಳಬಲ್ಲನು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಸೀಮೆಯಲ್ಲಿ ಈ ವಯಸ್ಸಿನ ಲೆಕ್ಕಕ್ಕೆ ವಿಶೇಷ ಅರ್ಥವಿದೆ. ಇಲ್ಲಿನ ನಾಟಿ ತಳಿಯ ತೆಂಗು ಫಸಲಿಗೆ ಬರಲು ಆರೇಳು ವರ್ಷಗಳಾದರೂ ಬೇಕು, ಬಿದ್ದ ಕಾಯಿ ಅಟ್ಟದ ಮೇಲೆ ಒಣಗಿ ಉಂಡೆ ಕೊಬ್ಬರಿಯಾಗಲು ಮತ್ತೂ ಹಲವು ತಿಂಗಳುಗಳು ಹಿಡಿಯುತ್ತವೆ, ಆಮೇಲಷ್ಟೇ ಅದು ತಿಪಟೂರಿನ ಮಾರುಕಟ್ಟೆಯನ್ನು ಸೇರುತ್ತದೆ. ತಿಂಗಳ ಪಿಂಚಣಿಯುಳ್ಳವನು ಇಷ್ಟು ಕಾಯಬಲ್ಲನು. ಕೂಲಿಯನ್ನೇ ನಂಬಿದ ಅವನ ಒಡಹುಟ್ಟಿದವನಿಗೆ ಅದು ಕಷ್ಟ. ಯೋಧನ ಪದಕಗಳಿಗಿಂತ ಅವನ ಪಿಂಚಣಿ ಪುಸ್ತಕವು ಗ್ರಾಮಚರಿತ್ರೆಗೆ ಹೆಚ್ಚು ಉಪಯುಕ್ತವೆನ್ನಲು ಇದೇ ಕಾರಣ.

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯು ಈ ಲೆಕ್ಕವನ್ನು ಬದಲಿಸಿದೆ. ಸೇವೆ ನಾಲ್ಕು ವರ್ಷ. ಕಾಯಂ ಆಗುವವರು ಹೆಚ್ಚೆಂದರೆ ಶೇ. 25, ಉಳಿದವರಿಗೆ ಪಿಂಚಣಿಯ ಬದಲು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿ. ಇಪ್ಪತ್ತರ ಹರೆಯದಲ್ಲಿಯೇ ಈ ಇಡಿಗಂಟಿನೊಡನೆ ಮರಳುವ ತರುಣನು ಜಮೀನು ಕೊಳ್ಳುವನೋ, ಅಪ್ಪನ ಸಾಲ ತೀರಿಸುವನೋ, ಬೆಂಗಳೂರಿನಲ್ಲಿ ಕಾವಲು ಕೆಲಸಕ್ಕೆ ಸೇರುವನೋ ಎಂಬುದನ್ನು ಅವನಿರುವಾಗಲೇ, ಅವನ ಬಾಯಿಂದಲೇ ಕೇಳಿ ದಾಖಲಿಸುವ ಅವಕಾಶವು ಈ ತಲೆಮಾರಿನ ಸಂಶೋಧಕರಿಗೆ ಒದಗಿದೆ.