ರೀಜಿಸ್ ಹೈಸ್ಕೂಲ್, ನ್ಯೂಯಾರ್ಕ್

ರೀಜಿಸ್ ಹೈಸ್ಕೂಲ್ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿರುವ ಒಂದು ಖಾಸಗಿ ಕ್ಯಾಥೊಲಿಕ್ ಪ್ರೌಢಶಾಲೆ. ಮ್ಯಾನ್‌ಹಟನ್‌ನ ಅಪ್ಪರ್ ಈಸ್ಟ್ ಸೈಡ್ ಪ್ರದೇಶದಲ್ಲಿ, 84 ಮತ್ತು 85ನೆಯ ಬೀದಿಗಳ ನಡುವೆ ಇದರ ಕಟ್ಟಡವಿದೆ. 1914ರಲ್ಲಿ ಆರಂಭವಾದ ಈ ಶಾಲೆಯನ್ನು ಯೇಸುಸಭೆ (ಜೆಸ್ಯೂಟ್ ಸಂಘ) ನಡೆಸುತ್ತದೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯನ್ನು ತೆರೆದದ್ದೂ ಇದೇ ಸಂಘ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಇಲ್ಲಿ ಗಂಡುಮಕ್ಕಳು ಮಾತ್ರ ಓದುತ್ತಾರೆ. ಪ್ರವೇಶ ಪಡೆದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕವನ್ನು ತೆಗೆದುಕೊಳ್ಳದಿರುವುದು ಈ ಶಾಲೆಯ ವೈಶಿಷ್ಟ್ಯ. ಅಮೆರಿಕದ ಖಾಸಗಿ ಶಾಲೆಗಳ ಪೈಕಿ ಇದು ತೀರ ಅಪರೂಪ.

ಹದಿನೇಳನೆಯ ಶತಮಾನದಲ್ಲಿ ಬಡವರ ನಡುವೆ ಕೆಲಸ ಮಾಡಿದ ಫ್ರೆಂಚ್ ಜೆಸ್ಯೂಟ್ ಪಾದ್ರಿ ಸಂತ ಜಾನ್ ಫ್ರಾನ್ಸಿಸ್ ರೀಜಿಸ್ (1597–1640) ಅವರ ಹೆಸರನ್ನು ಶಾಲೆಗೆ ಇಡಲಾಗಿದೆ. ‘ದೇವರಿಗಾಗಿ ಮತ್ತು ದೇಶಕ್ಕಾಗಿ’ ಎಂಬರ್ಥದ ಲ್ಯಾಟಿನ್ ನುಡಿ ‘ದೇವೋ ಎತ್ ಪಾತ್ರಿಯೇ’ ಶಾಲೆಯ ಧ್ಯೇಯವಾಕ್ಯ.

ಸ್ಥಾಪನೆ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನ್ಯೂಯಾರ್ಕಿನ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರ್ಲೆಂಡ್, ಜರ್ಮನಿ, ಇಟಲಿಗಳಿಂದ ವಲಸೆ ಬಂದ ಕೂಲಿಕಾರ ಕುಟುಂಬದವರು. ಚರ್ಚುಗಳು ನಡೆಸುತ್ತಿದ್ದ ಪ್ರಾಥಮಿಕ ಶಾಲೆಗಳು ಅವರಿಗೆ ಎಟುಕುತ್ತಿದ್ದವು. ಅದರ ಮುಂದಿನ ಓದು ಮಾತ್ರ ಹಣವಿದ್ದವರ ಪಾಲಿನದಾಗಿತ್ತು. ಈ ಕೊರತೆಯನ್ನು ತುಂಬಲು ಮುಂದಾದವರು ಜೂಲಿಯಾ ಗ್ರಾಂಟ್. ಅವರ ಪತಿ ಹ್ಯೂ ಜೆ. ಗ್ರಾಂಟ್ 1889ರಿಂದ 1892ರವರೆಗೆ ನ್ಯೂಯಾರ್ಕ್ ನಗರದ ಮೇಯರ್ ಆಗಿದ್ದವರು. ಮೂವತ್ತರ ವಯಸ್ಸಿನಲ್ಲಿ ಆಯ್ಕೆಯಾದ ಅವರು ಆ ನಗರದ ಅತಿ ಕಿರಿಯ ಮೇಯರ್‌ಗಳಲ್ಲಿ ಒಬ್ಬರು. 1910ರಲ್ಲಿ ಅವರು ತೀರಿಕೊಂಡ ಬಳಿಕ ಜೂಲಿಯಾ ಅವರು ಸಂತ ಇಗ್ನೇಶಿಯಸ್ ಲೊಯೋಲಾ ಚರ್ಚಿನ ಜೆಸ್ಯೂಟ್ ಧರ್ಮಗುರು ಡೇವಿಡ್ ಹರ್ನ್ ಅವರ ಮೂಲಕ ಶಾಲೆಯೊಂದಕ್ಕೆ ಬೇಕಾದ ಧನವನ್ನು ಕೊಟ್ಟರು. ಕ್ಯಾಥೊಲಿಕ್ ಹುಡುಗರಿಗೆ, ಅದರಲ್ಲಿಯೂ ಹಣ ಕೊಟ್ಟು ಓದಲಾರದವರಿಗೆ, ಉಚಿತವಾಗಿ ಉತ್ತಮ ಶಿಕ್ಷಣ ದೊರೆಯಬೇಕೆಂಬುದು ದಾನದ ಉದ್ದೇಶ. ದಾನಿಯ ಹೆಸರನ್ನು ಹೊರಗೆಡಹಬಾರದೆಂಬುದು ಅದಕ್ಕೆ ಸೇರಿದ್ದ ಷರತ್ತು. ಹೀಗಾಗಿ ಶಾಲೆಯಲ್ಲಿ ಬಹುಕಾಲ ಅವರನ್ನು ‘ಸ್ಥಾಪಕಿ’ ಎಂದಷ್ಟೇ ಕರೆಯುವ ರೂಢಿಯಿತ್ತು. ಅಲ್ಲಿ ಓದಿ ಹೊರಬಂದ ಎಷ್ಟೋ ತಲೆಮಾರುಗಳ ಹುಡುಗರಿಗೆ ತಮ್ಮನ್ನು ಓದಿಸಿದವರ ಹೆಸರೇ ತಿಳಿದಿರಲಿಲ್ಲ.

ಕಟ್ಟಡವನ್ನು ವಿನ್ಯಾಸಗೊಳಿಸಿದವರು ಬಾಸ್ಟನ್ನಿನ ಮಗಿನಿಸ್ ಮತ್ತು ವಾಲ್ಶ್ ಎಂಬ ವಾಸ್ತುಶಿಲ್ಪಿಗಳು. ಬೀದಿಯಿಂದ ಬೀದಿಗೆ ಚಾಚಿರುವ ಈ ಕಟ್ಟಡದ ನಡುವೆ ಒಂದು ಒಳಾಂಗಣವಿದೆ. ನಗರದ ಕಿಕ್ಕಿರಿದ ಭಾಗದಲ್ಲಿರುವ ಶಾಲೆಗೆ ಆಟದ ಬಯಲೆಂಬುದಿಲ್ಲ. ಹುಡುಗರು ಬಿಡುವಿನ ವೇಳೆಯಲ್ಲಿ ಸೇರುವುದು ಈ ಅಂಗಳದಲ್ಲಿಯೇ.

ಇದೇ ಚರ್ಚಿನ ಆಶ್ರಯದಲ್ಲಿ 1900ರಲ್ಲಿ ಆರಂಭವಾದ ಲೊಯೋಲಾ ಸ್ಕೂಲ್ ಕೂಗಳತೆಯಲ್ಲಿದೆ. ಅದೂ ಜೆಸ್ಯೂಟ್ ಶಾಲೆಯೇ. ಆದರೆ ಶುಲ್ಕ ಪಡೆಯುವ ಶಾಲೆ, ಮತ್ತು 1973ರಿಂದ ಹೆಣ್ಣುಮಕ್ಕಳಿಗೂ ತೆರೆದಿರುವ ಶಾಲೆ. ಒಂದೇ ಸಂಘ ಒಂದೇ ಬಡಾವಣೆಯಲ್ಲಿ ಇಷ್ಟು ಭಿನ್ನವಾದ ಎರಡು ಶಾಲೆಗಳನ್ನು ನಡೆಸಿಕೊಂಡು ಬಂದಿರುವುದು ಗಮನಾರ್ಹ.

ಪ್ರವೇಶ ಮತ್ತು ಶುಲ್ಕವಿಲ್ಲದ ಶಿಕ್ಷಣ

ಕ್ಯಾಥೊಲಿಕ್ ದೀಕ್ಷಾಸ್ನಾನ ಪಡೆದು ಎಂಟನೆಯ ತರಗತಿಯಲ್ಲಿ ಓದುತ್ತಿರುವ ಹುಡುಗರು ಪ್ರವೇಶಕ್ಕೆ ಅರ್ಜಿ ಹಾಕಬಹುದು. ಲಿಖಿತ ಪರೀಕ್ಷೆಯಲ್ಲಿ ಮುಂದೆ ಬಂದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಅರ್ಜಿದಾರರಿಗೆ ಹೋಲಿಸಿದರೆ ಸ್ಥಾನಗಳು ಕಡಿಮೆ: ನಾಲ್ಕೂ ತರಗತಿಗಳು ಸೇರಿ ವಿದ್ಯಾರ್ಥಿಗಳ ಸಂಖ್ಯೆ ಐನೂರರ ಆಸುಪಾಸಿನಲ್ಲಿದೆ. ಗ್ರಾಂಟ್ ಕುಟುಂಬದ ಕೊಡುಗೆಯಿಂದಲೇ ಹಲವು ದಶಕ ನಡೆದ ಶಾಲೆಯ ಖರ್ಚು ಈಗ ದತ್ತಿನಿಧಿಯ ಆದಾಯ ಮತ್ತು ಹಳೆಯ ವಿದ್ಯಾರ್ಥಿಗಳ, ಪೋಷಕರ ಸ್ವಇಚ್ಛೆಯ ದೇಣಿಗೆಗಳಿಂದ ಸಾಗುತ್ತದೆ.

ಶುಲ್ಕವಿಲ್ಲದ ಮಾತ್ರಕ್ಕೆ ಬಡವರಿಗೆ ಬಾಗಿಲು ತೆರೆದಂತಾಗುವುದಿಲ್ಲ. ಪರೀಕ್ಷೆಯೇ ಪ್ರವೇಶದ ಅಳತೆಗೋಲಾದಾಗ, ಮನೆಯಲ್ಲಿ ಓದಿನ ಅನುಕೂಲವಿರುವ ಮಕ್ಕಳು ಸಹಜವಾಗಿ ಮುಂದಿರುತ್ತಾರೆ. ಉಚಿತ ಶಾಲೆಯ ಸ್ಥಾನಗಳು ಉಳ್ಳವರ ಪಾಲಾಗುವ ಅಪಾಯ ಎಲ್ಲೆಡೆಯೂ ಇರುವಂಥದು. ಇದನ್ನು ಮನಗಂಡು ಶಾಲೆ 2002ರಲ್ಲಿ ‘ರೀಚ್’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಕಡಿಮೆ ಆದಾಯದ ಕುಟುಂಬಗಳ ಹುಡುಗರನ್ನು ಮಾಧ್ಯಮಿಕ ಹಂತದಲ್ಲಿಯೇ ಗುರುತಿಸಿ, ಬೇಸಿಗೆ ರಜೆಯಲ್ಲಿಯೂ ಶಾಲಾ ಅವಧಿಯ ಆಚೆಯೂ ಅವರಿಗೆ ಪಾಠ ಹೇಳಿ, ರೀಜಿಸ್ ಹಾಗೂ ಇತರ ಕ್ಯಾಥೊಲಿಕ್ ಪ್ರೌಢಶಾಲೆಗಳ ಪ್ರವೇಶಕ್ಕೆ ಅಣಿಗೊಳಿಸುವುದು ಇದರ ಕೆಲಸ.

ಪ್ರವೇಶ ಸಿಕ್ಕಿದ ಮೇಲೂ ಎಲ್ಲರಿಗೂ ಓದು ಮುಗಿಸುವುದು ಸಾಧ್ಯವಾಗಿಲ್ಲ. ಪತ್ರಕರ್ತ ಹಾಗೂ ಕಾದಂಬರಿಕಾರ ಪೀಟ್ ಹ್ಯಾಮಿಲ್ (1935–2020) ಇದಕ್ಕೆ ಪ್ರಸಿದ್ಧ ಉದಾಹರಣೆ. ಬೆಲ್‌ಫಾಸ್ಟ್‌ನಿಂದ ಬಂದ ವಲಸಿಗ ದಂಪತಿಯ ಏಳು ಮಕ್ಕಳಲ್ಲಿ ಹಿರಿಯರಾದ ಅವರು ಬ್ರೂಕ್ಲಿನ್‌ನಿಂದ ರೀಜಿಸ್‌ಗೆ ಬರುತ್ತಿದ್ದರು. ಹದಿಹರೆಯದ ನಡುವಿನಲ್ಲಿಯೇ, 1951ರಲ್ಲಿ, ಶಾಲೆ ಬಿಟ್ಟು ಬ್ರೂಕ್ಲಿನ್ ನೌಕಾಂಗಣದಲ್ಲಿ ತಗಡಿನ ಕೆಲಸಕ್ಕೆ ಸೇರಿದರು. ಮುಂದೆ ಅವರು ನ್ಯೂಯಾರ್ಕಿನ ಎರಡು ದೊಡ್ಡ ದಿನಪತ್ರಿಕೆಗಳ ಸಂಪಾದಕರಾದರು. ಶಾಲೆ ಬಿಟ್ಟ 59 ವರ್ಷಗಳ ನಂತರ, 2010ರಲ್ಲಿ, ರೀಜಿಸ್ ಅವರಿಗೆ ಗೌರವ ಡಿಪ್ಲೊಮಾ ನೀಡಿತು.

ವಿದ್ಯಾರ್ಥಿ ಜೀವನ

ಇದು ವಸತಿ ಶಾಲೆಯಲ್ಲ. ನಗರದ ಐದೂ ವಿಭಾಗಗಳಿಂದ, ಲಾಂಗ್ ಐಲೆಂಡ್ ಮತ್ತು ನ್ಯೂಜೆರ್ಸಿಗಳಿಂದ ಹುಡುಗರು ಪ್ರತಿದಿನ ಸಬ್‌ವೇ, ಬಸ್ಸು, ರೈಲುಗಳಲ್ಲಿ ಬಂದುಹೋಗುತ್ತಾರೆ. ಸ್ಟಾಟನ್ ಐಲೆಂಡ್‌ನವರು ದೋಣಿಯಲ್ಲಿಯೂ ಬರಬಹುದು. ಒಂದು ದಿಕ್ಕಿಗೆ ಒಂದು ಗಂಟೆಗೂ ಮೀರಿದ ಪಯಣ ಸಾಮಾನ್ಯ. ಕೋಟು ಮತ್ತು ಟೈ ಧರಿಸುವುದು ಶಾಲೆಯ ವಸ್ತ್ರಸಂಹಿತೆ. ನಗರದ ಅತ್ಯಂತ ಶ್ರೀಮಂತ ಬಡಾವಣೆಗಳಲ್ಲಿ ಒಂದಕ್ಕೆ ಕಾರ್ಮಿಕ ಕೇರಿಗಳಿಂದ ಬರುವ ಮಕ್ಕಳಿಗೆ ಈ ದಿನನಿತ್ಯದ ಪ್ರಯಾಣ ಶಿಕ್ಷಣದ ಭಾಗವೇ ಆಗಿತ್ತೆನ್ನಬಹುದು.

ಜೆಸ್ಯೂಟ್ ಶಾಲೆಗಳ ಪಠ್ಯಕ್ರಮದ ಬೇರು 1599ರಲ್ಲಿ ಸಂಘವು ಹೊರಡಿಸಿದ ‘ರಾತ್ಸಿಯೊ ಸ್ಟುಡಿಯೋರಮ್’ ಎಂಬ ಅಧ್ಯಯನ ವಿಧಾನದಲ್ಲಿದೆ. ಪ್ರಾಚೀನ ಭಾಷೆಗಳ ಕಲಿಕೆ, ವಾಕ್ಚಾತುರ್ಯ, ನಾಟಕಗಳಿಗೆ ಅಲ್ಲಿ ದೊಡ್ಡ ಸ್ಥಾನವಿತ್ತು. ರೀಜಿಸ್‌ನಲ್ಲಿ ಈ ಜಾಡು ಸ್ಪಷ್ಟವಾಗಿ ಕಾಣುತ್ತದೆ. ಲ್ಯಾಟಿನ್ ಶಾಲೆಯ ಹಳೆಯ ಗುರುತು. ಭಾಷಣ ಮತ್ತು ಚರ್ಚಾಸ್ಪರ್ಧೆಗಳಿಗಾಗಿ ಇರುವ ಹರ್ನ್ ಸೊಸೈಟಿ ರಾಷ್ಟ್ರಮಟ್ಟದಲ್ಲಿ ಹೆಸರಾಗಿದೆ. ಮೊದಲ ಧರ್ಮಗುರುವಿನ ಹೆಸರು ಉಳಿದಿರುವುದು ಅದರಲ್ಲಿಯೇ. ‘ದಿ ಔಲ್’ (ಗೂಬೆ) ವಿದ್ಯಾರ್ಥಿಗಳ ಪತ್ರಿಕೆ. ಗೂಬೆ ಶಾಲೆಯ ಲಾಂಛನಪ್ರಾಣಿಯೂ ಹೌದು. ನಮ್ಮಲ್ಲಿ ಅಪಶಕುನವೆನಿಸಿರುವ ಈ ಹಕ್ಕಿ ಗ್ರೀಕರಿಗೆ ಜ್ಞಾನದೇವತೆಯಾದ ಅಥೀನಾಳ ಸಂಗಾತಿಯೆಂಬುದನ್ನು ಇಲ್ಲಿ ನೆನೆಯಬೇಕು. ವಾರ್ಷಿಕ ಸಂಚಿಕೆ ‘ದಿ ರೀಜಿಯನ್’. ನಾಟಕ ತಂಡವೂ ಇದೆ.

ಕ್ರೀಡೆಗಳಲ್ಲಿ ಬ್ಯಾಸ್ಕೆಟ್‌ಬಾಲ್, ಓಟ, ಬೇಸ್‌ಬಾಲ್, ಸಾಕರ್ ಮೊದಲಾದವು ಇವೆ. ಅಮೆರಿಕದ ಪ್ರೌಢಶಾಲೆಗಳ ಹೆಗ್ಗುರುತಾದ ಅಮೆರಿಕನ್ ಫುಟ್‌ಬಾಲ್ ತಂಡ ಇಲ್ಲಿಲ್ಲ.

ತಪ್ಪು ಮಾಡಿದ ಹುಡುಗನನ್ನು ತರಗತಿ ಮುಗಿದ ಮೇಲೆ ಶಾಲೆಯಲ್ಲಿಯೇ ಉಳಿಸಿಕೊಳ್ಳುವ ಶಿಕ್ಷೆಗೆ ಅಮೆರಿಕದ ಇತರ ಜೆಸ್ಯೂಟ್ ಶಾಲೆಗಳಂತೆ ಇಲ್ಲಿಯೂ ‘ಜಗ್’ ಎಂದು ಹೆಸರು. ‘ದೇವರ ಅಧೀನದ ನ್ಯಾಯ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳೇ ಈ ಪದವೆಂದು ವಿದ್ಯಾರ್ಥಿಗಳು ಬಿಡಿಸಿ ಹೇಳುವುದುಂಟು. ನೊಗ ಎಂಬರ್ಥದ ಲ್ಯಾಟಿನ್ ‘ಯುಗುಮ್’ ಶಬ್ದದಿಂದ ಬಂದಿತೆಂಬುದು ಇನ್ನೊಂದು ವಿವರಣೆ. ಕನ್ನಡಿಗರಿಗೆ ಪರಿಚಿತವಾದ ‘ಯುಗ’ (ನೊಗ) ಶಬ್ದವೂ ಅದೇ ಮೂಲದ್ದು.

ಧ್ಯಾನ ಶಿಬಿರಗಳು ಮತ್ತು ಸಮಾಜಸೇವೆ ಶಿಕ್ಷಣದ ಅಂಗಗಳಾಗಿವೆ. ಯೇಸುಸಭೆಯ ಮುಖ್ಯಸ್ಥರಾಗಿದ್ದ ಪೆಡ್ರೊ ಅರುಪೆ ಅವರು 1973ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ಯೂಟ್ ಶಾಲೆಗಳ ಹಳೆಯ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾತನಾಡುತ್ತ, ಇತರರಿಗಾಗಿ ಬದುಕುವವರನ್ನು ರೂಪಿಸುವುದೇ ಈ ಶಾಲೆಗಳ ಗುರಿಯಾಗಬೇಕೆಂದು ಹೇಳಿದ್ದರು. ಕೇಳುಗರಲ್ಲಿ ಅನೇಕರು ಅನುಕೂಲಸ್ಥರಾಗಿದ್ದುದರಿಂದ ಆ ಮಾತು ಕೆಲವರಿಗೆ ಹಿಡಿಸಲಿಲ್ಲ. ಆ ನಂತರ ಜಗತ್ತಿನಾದ್ಯಂತ ಜೆಸ್ಯೂಟ್ ಶಾಲೆಗಳಲ್ಲಿ ಸೇವಾಕಾರ್ಯಕ್ಕೆ ಹೊಸ ಒತ್ತು ದೊರೆಯಿತು.

ಹಳೆಯ ವಿದ್ಯಾರ್ಥಿಗಳು

ಅಮೆರಿಕದ ಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಸಂಸ್ಥೆಯನ್ನು 1984ರಿಂದ 2022ರವರೆಗೆ ಮುನ್ನಡೆಸಿದ ವೈದ್ಯ ಆಂಥೊನಿ ಫೌಚಿ 1958ರಲ್ಲಿ ಇಲ್ಲಿ ಓದು ಮುಗಿಸಿದರು. ಬ್ರೂಕ್ಲಿನ್‌ನ ಔಷಧ ವ್ಯಾಪಾರಿಯೊಬ್ಬರ ಮಗನಾದ ಅವರು, ಎತ್ತರ ಹೆಚ್ಚಿಲ್ಲದಿದ್ದರೂ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕರಾಗಿದ್ದರು. ಚಲನಚಿತ್ರ ನಿರ್ದೇಶಕ ಬಿಲ್ ಕಾಂಡನ್ ಮತ್ತು ಹಾಸ್ಯ ಕಲಾವಿದ ಗ್ರೆಗ್ ಜಿರಾಲ್ಡೊ ಕೂಡ ರೀಜಿಸ್‌ನವರು. ‘ಸ್ಯಾಟರ್‌ಡೇ ನೈಟ್ ಲೈವ್’ ಕಾರ್ಯಕ್ರಮದಿಂದ ಖ್ಯಾತರಾದ ಕಾಲಿನ್ ಜೋಸ್ಟ್ ಇಲ್ಲಿ ‘ದಿ ಔಲ್’ ಪತ್ರಿಕೆಯ ಸಂಪಾದಕರಾಗಿದ್ದರು. ಇರಾಕ್ ಯುದ್ಧದ ಹಿನ್ನೆಲೆಯ ‘ರೀಡಿಪ್ಲಾಯ್‌ಮೆಂಟ್’ ಕಥಾಸಂಕಲನಕ್ಕೆ 2014ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಫಿಲ್ ಕ್ಲೇ ಸಹ ಇದೇ ಶಾಲೆಯಲ್ಲಿ ಓದಿದವರು.