ಈಳಿಗೇರರ ಗಿಡ, ಸರಕಾರದ ಲಿಲಾವು

ಬಾಗಲಕೋಟೆ, ಹುನಗುಂದದ ಕಡೆ ಈಳಿಗೇರ ಎಂಬ ಅಡ್ಡಹೆಸರಿನವರು ಇಂದಿಗೂ ಸಿಗುತ್ತಾರೆ. ಹೆಸರು ಉಳಿದಿದೆ, ಸಿಂದಿ ಇಳಿಸುವ ಕಸುಬು ಹೋಗಿದೆ. ಕಸುಬನ್ನು ಮುಗಿಸಿದ್ದು 1950ರ ಪಾನನಿಷೇಧ ಎನ್ನುವುದು ವಾಡಿಕೆಯ ಮಾತು. ನನಗೆ ಕಾಣುವಂತೆ, ಅದರ ಕೊರಳಿಗೆ ಹಗ್ಗ ಬಿದ್ದದ್ದು ಇನ್ನೂ ಎಪ್ಪತ್ತು ವರ್ಷ ಮುಂಚೆ.

ಈ ಸೀಮೆಗೆ ಮದ್ಯ ಹೊಸದಲ್ಲ. 578ರಲ್ಲಿ ಮಂಗಳೇಶ ಕೊರೆಯಿಸಿದ ಬಾದಾಮಿಯ ಮೂರನೆಯ ಗುಹೆಯಲ್ಲಿ ಸಮುದ್ರಮಥನದ ಚಿತ್ರಪಟ್ಟಿಕೆ ಇದೆ. ಆ ಕಡಲಿನಿಂದ ಅಮೃತದ ಜೊತೆ ಮದ್ಯದ ದೇವತೆ ವಾರುಣಿಯೂ ಎದ್ದು ಬಂದಳೆಂಬುದು ಪುರಾಣ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೂ ಇದ್ದಾನೆ. ಧರ್ಮೇಶ್ವರಲಿಂಗ ಅಂಕಿತದಲ್ಲಿ ವಚನ ಬರೆದ ಆತ ತನ್ನ ಕಸುಬಿನ ಮಾತುಗಳನ್ನೇ ಅನುಭಾವಕ್ಕೆ ಹಚ್ಚಿದ.

ಈಚಲು ಗಿಡದ ನೆತ್ತಿಯ ಹತ್ತಿರ ಕೆತ್ತಿ ಸಂಜೆ ಗಡಿಗೆ ಕಟ್ಟಿದರೆ ನಸುಕಿನಲ್ಲಿ ಸಿಗುವುದು ಸಿಹಿ ನೀರಾ. ಬಿಸಿಲೇರಿದಂತೆ ಅದು ತಾನಾಗಿ ಹುಳಿತು ಸಿಂದಿಯಾಗುತ್ತದೆ, ಮರುದಿನಕ್ಕೆ ಕುಡಿಯಲು ಬಾರದು. ದೂರ ಸಾಗಿಸಲಾಗದ ಸರಕು ಊರ ಹಳ್ಳದ ದಂಡೆಯಲ್ಲೇ ಹುಟ್ಟಿ ಊರಲ್ಲೇ ಮುಗಿಯುತ್ತಿತ್ತು. ಅಮೆರಿಕದ ಬಿಯರಿನ ಕತೆ ಇದಕ್ಕೆ ತದ್ವಿರುದ್ಧ. 1870ರ ದಶಕದಲ್ಲಿ ಅಲ್ಲಿ ನಾಲ್ಕು ಸಾವಿರ ದಾಟಿದ್ದ ಬಿಯರ್ ಕಾರ್ಖಾನೆಗಳು, ಮಂಜುಗಡ್ಡೆ ತುಂಬಿದ ರೈಲು ಡಬ್ಬಿಗಳು ಬಂದ ಮೇಲೆ ಸಣ್ಣವರು ಸೋತು, 1915ರ ಹೊತ್ತಿಗೆ ಸುಮಾರು ಸಾವಿರದ ಮುನ್ನೂರಕ್ಕೆ ಇಳಿದಿದ್ದವು. ಅಲ್ಲಿ ಸಣ್ಣವರನ್ನು ನುಂಗಿದ್ದು ಬಂಡವಾಳ. ಇಲ್ಲಿ ಅಬಕಾರಿ ಇಲಾಖೆ.

1878ರ ಮುಂಬಯಿ ಅಬಕಾರಿ ಕಾಯಿದೆಯೇ ಆ ತಿರುವು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. 1885ರಲ್ಲಿ ಜಿಲ್ಲಾ ಕಚೇರಿ ವಿಜಾಪುರಕ್ಕೆ ಹೋಯಿತು. ಕಾಯಿದೆ ಬಂದ ಮೇಲೆ ಗಿಡ ಕೆತ್ತಲು ಲೈಸನ್ಸು, ಗಿಡಕ್ಕಿಷ್ಟು ಎಂದು ಪಟ್ಟಿ. ಸಾರಾಯಿಯ ಬಟ್ಟಿ ಅಲ್ಲಲ್ಲಿ ಇರುವುದನ್ನು ತಪ್ಪಿಸಿ ದೊಡ್ಡ ಡಿಸ್ಟಿಲರಿಗಳಿಗೆ ಒಯ್ಯುವುದು, ಅಂಗಡಿಯ ಹಕ್ಕನ್ನು ಲಿಲಾವು ಕೂಗುವುದು ಇಲಾಖೆಯ ನೀತಿಯಾಯಿತು. ಕೂಗಿನಲ್ಲಿ ಗೆಲ್ಲಲು ರೊಕ್ಕ ಬೇಕು. ರೊಕ್ಕ ಇದ್ದದ್ದು ಗುತ್ತಿಗೆದಾರನ ಹತ್ತಿರ, ಗಿಡ ಏರುವವನ ಹತ್ತಿರ ಅಲ್ಲ. ಹಿಂದೆ ಒಡೆಯನಾಗಿದ್ದವನು ಕೂಲಿಯಾದ, ಮನೆಯಲ್ಲಿ ಬಟ್ಟಿ ಇಳಿಸಿದವನು ಕಳ್ಳನಾದ. 'ಕಳ್ಳಬಟ್ಟಿ' ಎಂಬ ಮಾತಿಗೆ ಅರ್ಥ ಕೊಟ್ಟದ್ದೇ ಇಂಥ ಕಾಯಿದೆ.

ಸರಕಾರಕ್ಕೆ ಮದ್ಯ ದೊಡ್ಡ ಆದಾಯವಾದದ್ದರಿಂದಲೇ ಕಾಂಗ್ರೆಸ್ಸಿನವರು ಅಂಗಡಿಯ ಮುಂದೆ ಪಿಕೆಟಿಂಗಿಗೆ ನಿಂತರು, ಈಚಲು ಗಿಡ ಕಡಿದರು. ಚಿತ್ರದುರ್ಗದ ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಸಿದವರು ಎಸ್. ನಿಜಲಿಂಗಪ್ಪ. ಕೊಡಲಿ ಬಿದ್ದದ್ದು ಗಿಡಕ್ಕೆ. ಅದನ್ನೇ ನಂಬಿದ್ದ ಈಳಿಗೇರನ ಗತಿಯೇನು ಎಂದು ಕೇಳಿದವರು ಕಡಿಮೆ.

ಮುಂಬಯಿ ಪಾನನಿಷೇಧ ಕಾಯಿದೆ 1949ರದು. ಪೂರ್ಣ ನಿಷೇಧ 1950ರ ಏಪ್ರಿಲ್‌ನಲ್ಲಿ. ಹುನಗುಂದ ಸೀಮೆಯ ಗಡಿ ಊರು ಇಳಕಲ್ಲಿನ ಮಟ್ಟಿಗೆ ಇದು ವಿಚಿತ್ರ ಪರಿಸ್ಥಿತಿ. ಪಕ್ಕದ ಕುಷ್ಟಗಿ, ಲಿಂಗಸುಗೂರು ತಾಲೂಕುಗಳು ಹೈದರಾಬಾದ್ ರಾಜ್ಯದವು, ಜನರ ಬಾಯಲ್ಲಿ 'ಮೊಗಲಾಯಿ'. ಅಲ್ಲಿ ನಿಷೇಧವಿರಲಿಲ್ಲ. ಮುಂಬಯಿಯಲ್ಲಿ ಕೂತವರು ಬರೆದ ಕಾಯಿದೆಗೆ ಒಂದು ಗಡಿಕಲ್ಲೇ ಕೊನೆ. 1956ರಲ್ಲಿ ಎರಡೂ ಕಡೆ ಒಂದೇ ರಾಜ್ಯವಾದ ಮೇಲೂ ಒಂದು ಕಡೆ ನಿಷೇಧ, ಇನ್ನೊಂದು ಕಡೆ ಪರವಾನಗಿ. 1967ರಲ್ಲಿ ನಿಷೇಧ ಎತ್ತಿದ ಮುಖ್ಯಮಂತ್ರಿ ಯಾರೆಂದರೆ, ಅದೇ ನಿಜಲಿಂಗಪ್ಪ.

ಅಂಗಡಿ ಮರಳಿ ಬಂತು, ಈಳಿಗೇರ ಮರಳಲಿಲ್ಲ. ಗುತ್ತಿಗೆದಾರರ ಸಾರಾಯಿ ಮುಂದೆ ಪ್ಯಾಕೆಟ್ಟಿಗೂ ಇಳಿಯಿತು. ಈ ನಡುವೆ, 1975ರಲ್ಲಿ, ಚಿತ್ತರಗಿ–ಇಳಕಲ್ಲ ಮಠದ ಡಾ. ಮಹಾಂತ ಸ್ವಾಮೀಜಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ, 'ನಿಮ್ಮ ಚಟ ಇದರೊಳಗ ಹಾಕ್ರಿ' ಎಂದು ಬೇಡತೊಡಗಿದರು. ಲೈಸನ್ಸು, ಪೊಲೀಸು ಇಲ್ಲದ ಈ ಬಗೆ ನಾಲ್ಕು ದಶಕ ನಡೆಯಿತು. ಇಲ್ಲಿಯ ಪಾನನಿಷೇಧಕ್ಕಿಂತ ಇದರ ಬಾಳಿಕೆ ಹೆಚ್ಚು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿಯ ಮದ್ಯ ಉಳಿಯಿತು. ಸ್ವಾಮೀಜಿ 2018ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅದೇ ಸರಕಾರ ಪ್ರತಿ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಆ ವರ್ಷದ ವಸೂಲಿಯ ಗುರಿಯನ್ನೂ ಕೊಡುತ್ತದೆ.