ಕನ್ನಡ ಚಲನಚಿತ್ರಗಳಲ್ಲಿ ಸಿದ್ದಿ ಸಮುದಾಯ

ಸಿದ್ದಿಗಳು ಕರ್ನಾಟಕದಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಜನಾಂಗ. 21ನೆಯ ಶತಮಾನದ ಕನ್ನಡ ಕಥಾಚಿತ್ರಗಳಲ್ಲಿ ಈ ಸಮುದಾಯದವರು ನಟರಾಗಿ ಹಾಗೂ ಗಾಯಕರಾಗಿ ಕಾಣಿಸಿಕೊಂಡಿದ್ದಾರೆ.

ಹಿನ್ನೆಲೆ

ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆಯೂರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಇವರ ವಸತಿಗಳಿವೆ. ಹಿಂದೂ, ಮುಸ್ಲಿಂ ಹಾಗೂ ಕ್ರೈಸ್ತ ಧರ್ಮಗಳನ್ನು ಅನುಸರಿಸುವ ಇವರು ಕನ್ನಡ ಮತ್ತು ಕೊಂಕಣಿ ಭಾಷೆಗಳನ್ನು ಆಡುತ್ತಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ನಟರು ಮತ್ತು ಗಾಯಕರು

ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದ ಪ್ರಶಾಂತ್ ಸಿದ್ದಿ ಅವರು ‘ಪರಮಾತ್ಮ’ (2011), ‘ಅಣ್ಣಾ ಬಾಂಡ್’ (2012) ಮೊದಲಾದ ಚಿತ್ರಗಳಲ್ಲಿ ಅಭಿನಯಿಸಿದ್ದಾರೆ. ದುನಿಯಾ ವಿಜಯ್ ನಿರ್ದೇಶಿಸಿದ ‘ಸಲಗ’ (2021) ಚಿತ್ರದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿಗೆ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿ ದನಿಗೂಡಿಸಿದರು. ಚರಣ್ ರಾಜ್ ಸಂಗೀತ ನೀಡಿದ ಈ ಹಾಡು ಸಿದ್ದಿ ಜನಪದ ಗಾಯನದ ಧಾಟಿಯನ್ನು ವ್ಯಾಪಕ ಪ್ರೇಕ್ಷಕರಿಗೆ ಪರಿಚಯಿಸಿತು.

ಚಿತ್ರಣದ ಪ್ರಶ್ನೆ

‘ಸಲಗ’ದ ಕಥೆ ಬೆಂಗಳೂರಿನ ಭೂಗತ ಲೋಕವನ್ನು ಕುರಿತದ್ದು, ಸಿದ್ದಿಗಳ ಬದುಕು ಅದರ ವಸ್ತುವಲ್ಲ. ತೆರೆಯ ಮೇಲಿನ ಉಪಸ್ಥಿತಿ ಮತ್ತು ಕಥೆಯೊಳಗಿನ ಸ್ಥಾನ ಇವೆರಡರ ನಡುವಿನ ಈ ಅಂತರ ಆಫ್ರಿಕನ್-ಅಮೆರಿಕನ್ನರ ಚಲನಚಿತ್ರ ಇತಿಹಾಸದಲ್ಲಿಯೂ ಕಂಡುಬರುತ್ತದೆ. ‘ಗಾನ್ ವಿತ್ ದ ವಿಂಡ್’ (1939) ಚಿತ್ರದಲ್ಲಿ ಮನೆಗೆಲಸದಾಕೆಯ ಪಾತ್ರ ವಹಿಸಿದ ಹ್ಯಾಟಿ ಮೆಕ್‌ಡೇನಿಯಲ್, 1940ರಲ್ಲಿ ಆಸ್ಕರ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಕಲಾವಿದೆಯಾದರು. ಪ್ರಶಸ್ತಿ ಸಮಾರಂಭದಲ್ಲಿ ಅವರನ್ನು ಸಹನಟರಿಂದ ದೂರದ ಮೇಜಿನಲ್ಲಿ ಕೂರಿಸಲಾಗಿತ್ತು.